ಕೊನೆಯ ಸಾಲಿನ ನೆರಳು

ನಂಟರ ಮದುವೆ ಮುಗಿಸಿ ವಾರದ ಮೇಲೆ ಕಾಶಿಗೆ ಮರಳಿದ ಭವಾನಿ, ಕಂಟೋನ್ಮೆಂಟ್ ಸ್ಟೇಷನ್ನಿನಿಂದ ನೇರ ಅಲ್ಲಿನ ಕನ್ನಡದವರ ಮಠದ ತೋಟಕ್ಕೇ ಆಟೊ ಬಿಡಿಸಿದಳು. ಪ್ಲಾಸ್ಟಿಕ್ ಮಾಡಿನ ಪಾಲಿಹೌಸಿನ ಬಾಗಿಲು ಹಾರುಹೊಡೆದಿತ್ತು. ಒಳಗೆ ಅವಳ ಟೊಮೆಟೊ ಬಳ್ಳಿಗಳು ಎಲೆಯಿಲ್ಲದೆ ಬೋಳುಬೋಳಾಗಿ ದಾರಕ್ಕೆ ಜೋತುಬಿದ್ದಿದ್ದವು. ಮೇಲಿನ ನೆರಳುಪರದೆಯನ್ನೂ ಸರಿಸಿದ್ದರು. ಚೈತ್ರದ ಬಿಸಿಲಿಗೆ ಕಾಯಿಗಳ ತೊಟ್ಟಿನ ಸುತ್ತಲ ಹೆಗಲು ಬೆಳ್ಳಗೆ ಬೆಂದು ಸುಕ್ಕುಗಟ್ಟಿತ್ತು.

"ಕೀಲಿ ಯಾರು ಕೊಟ್ರು?" ಎಂದು ಮಠದಿಂದ ಅವಳ ಹಿಂದೆಯೇ ಓಡಿಬಂದ ಗಂಡನನ್ನು ಕೇಳಿದಳು.

"ಅಣ್ಣ ಕೇಳಿದ. ಒಲ್ಲೆ ಅನ್ನಾಕ ಆಗತದೇನ?" ತೋಂಟೇಶ ನೆಲ ನೋಡಿದ. "ಊರಿಂದ ಭಕ್ತರು ಬಂದಿದ್ರು. ಫೋಟೊದಾಗ ಬರೇ ಎಲಿ ಕಾಣತಾವು, ಹಣ್ಣು ಕಾಣವಲ್ದು ಅಂತ ಎಲಿ ಎಲ್ಲಾ ಹರಿಸಿದ. ಬೆಳಕು ಬೀಳಲಿ ಅಂತ ಪರದೀನೂ ಸರಿಸಿದ."

ಭವಾನಿ ಬೆಂದ ಕಾಯೊಂದನ್ನು ಅಂಗೈಯಲ್ಲಿ ಹಿಡಿದಳು. ಮನೆಯಲ್ಲಿ ಅವಳದೆನ್ನುವುದು ಒಂದು ಪೆಟ್ಟಿಗೆಯೂ ಇರಲಿಲ್ಲ. ಮಠದವರು ಅವಳಿಗೆ ವಹಿಸಿದ ಇದೊಂದಿತ್ತು. ಇಲ್ಲಿ ಅವಳು ಗಿಡಗಳೊಡನೆ ಜೋರಾಗಿ ಮಾತಾಡುತ್ತಿದ್ದಳು, ಬೈಯುತ್ತಿದ್ದಳು, ಹಾಡುತ್ತಿದ್ದಳು.

ಅಷ್ಟರಲ್ಲಿ ಅದೇ ಅಣ್ಣ, ತೋಟದ ಉಸ್ತುವಾರಿ ನೋಡುವ ಭಾವ ಕುಮಾರಯ್ಯ, ಮಠದ ಹಿರಿಯ ಕೊಟ್ಟೂರಯ್ಯನವರನ್ನು ಕರೆದುಕೊಂಡು ಒಳಗೆ ಬಂದ. ಪರದೆ ಸರಿಸಿದ ಮಾಡಿನ ಬಿಸಿಲು ತಾಳದೆ ಒಳಗೂ ಕೊಡೆ ಹಿಡಿದಿದ್ದ.

"ನೋಡ್ರಿ, ಹೆಣ್ಮಕ್ಕಳ ಕೈಯಾಗ ಕೊಟ್ರ ಹಿಂಗಾ. ಬರೇ ಸೊಪ್ಪು ಬೆಳಸಿದ್ಲು, ಕಾಯಿ ಎಲ್ಲಾ ಕೆಟ್ಟು ಕೂತಾವು. ಇವತ್ತ ಇದನ್ನ ಠೇಕಾದವಗ ಗುತ್ತಿಗಿ ಕೊಟ್ಟುಬಿಡೂಣು."

ಮದುವೆಯಾದಾಗಿನಿಂದ ಭವಾನಿ ಭಾವನಿಗೆ ಎದುರು ನಿಂತು ಮಾತಾಡಿದವಳಲ್ಲ. ಏನಿದ್ದರೂ ಬಾಗಿಲ ಮರೆಯಿಂದ, ಗಂಡನ ಬಾಯಿಂದ. ಈಗ ನೆಟ್ಟಗೆ ಹೋಗಿ ಅವನ ಕೈಯ ಕೊಡೆ ಕಸಿದು ಮಡಚಿದಳು.

"ಭಾವಾರ, ನಾ ಹೇಳಿ ಮುಗಿಸೂತನಕ ಇಲ್ಲೇ ನಿಲ್ರಿ."

"ತೋಂಟ್ಯಾ! ನಿನ್ನ ಹೇಂತಿಗೆ ಹೇಳೋ!"

"ಅವರಿಗಲ್ಲ, ನನಗ ಹೇಳ್ರಿ. ಹಣ್ಣಾದ ಗೊಂಚಲದ ಕೆಳಗಿನ ಎಲಿ ನಾನೇ ತೆಗೀತಿದ್ದೆ. ನೀವು ಮ್ಯಾಲಿನವನ್ನೂ ಬೋಳಿಸಿದ್ರಿ. ಕಾಯಿಗೆ ಉಣಿಸೂದೂ ಎಲಿ, ನೆರಳಾಗೂದೂ ಎಲಿ. ಇನ್ನ ಮ್ಯಾಲಿನ ಹೀಚು ದಪ್ಪಾಗೂದು ಹೆಂಗ? ದಾಸೋಹದ ಸಾರಿಗೆ ನಿಮ್ಮ ಫೋಟೊ ಹಾಕೂಣೇನ?"

ಕುಮಾರಯ್ಯನ ಬೋಳುತಲೆಯಿಂದ ಬೆವರು ಹಣೆಗಿಳಿಯಿತು. ಕೊಡೆಗೆ ಕೈ ಚಾಚಿದ. ಅವಳು ಬೆನ್ನ ಹಿಂದೆ ಹಿಡಿದಳು. ಶಲ್ಯ ತಲೆಗೆ ಹಾಕಿಕೊಂಡ. ಗೊಣಗುತ್ತ, ಅಡ್ಡಡ್ಡ ಹೆಜ್ಜೆಯಿಡುತ್ತ, ಮೂಲೆಯ ಕೊನೆಯ ಸಾಲಿಗೆ ಸರಿದ. ಅದು ಫೋಟೊಗೆ ಬೇಕಾಗಿರದ ಸಾಲು, ಯಾರೂ ಮುಟ್ಟಿರಲಿಲ್ಲ. ದಟ್ಟ ಎಲೆಗಳ ಕೆಳಗೆ ತಲೆಯಿಟ್ಟು ಉಸಿರುಬಿಟ್ಟ. ಅವನ ಕಿವಿಯ ಪಕ್ಕದಲ್ಲೇ ಕೆಂಪನೆಯ, ಕಲೆಯಿಲ್ಲದ ಗೊಂಚಲು ತೂಗುತ್ತಿತ್ತು.

ಕೊಟ್ಟೂರಯ್ಯನವರು ಅದನ್ನೂ ಸುಟ್ಟ ಸಾಲನ್ನೂ ನೋಡಿದರು. "ಕುಮಾರಯ್ಯ, ಆ ಸೊಪ್ಪಿನ ಬುಡಕ್ಕ ಯಾಕ ಹೋದಿಯಪಾ?" ಎಂದು ನಕ್ಕರು. ಆಮೇಲೆ, "ಠೇಕಾ ಮಾತು ಬಿಡು. ಭವಾನಿನೇ ನೋಡಿಕೋತಾಳ" ಎಂದರು.

ಅವಳಿಗೆ ನಗು ಬರಲಿಲ್ಲ. ಬೆಂದ ಕಾಯಿ ಬೆಂದೇಹೋಗಿತ್ತು. ಕೊಡೆಯನ್ನು ಭಾವನ ಕಾಲಬಳಿ ಎಸೆದು, ಗಂಡನ ಮುಂದೆ ಕೈಯೊಡ್ಡಿದಳು.

"ಕೀಲಿ ಕೊಡ್ರಿ."

ತೋಂಟೇಶ ಅಭ್ಯಾಸಬಲದಿಂದ ಅಣ್ಣನ ಮುಖ ನೋಡಿದ.

"ಅಲ್ಲಿ ನೋಡಬ್ಯಾಡ್ರಿ," ಎಂದಳು. "ಇಲ್ಲಿ ಕೊಡ್ರಿ."