ಚೆಂಡೆ ಉಂಟು, ಸ್ವರ ಇಲ್ಲ

ಚೆಂಡೆ ಕೇಳುತ್ತಿತ್ತು. ಮದ್ದಳೆ ಕೇಳುತ್ತಿತ್ತು. ತಾಳದ ಕಿಣಿಕಿಣಿಯೂ ಎರಡೂ ಸ್ಪೀಕರುಗಳಿಂದ ಸ್ಪಷ್ಟವಾಗಿ ಬರುತ್ತಿತ್ತು. ಭಾಗವತ ವಿಷ್ಣುಮೂರ್ತಿಗಳ ಸ್ವರ ಮಾತ್ರ ಇರಲಿಲ್ಲ. ಬಾವಿಯ ತಳದಲ್ಲಿ ಯಾರೋ ತಮ್ಮಷ್ಟಕ್ಕೆ ಗುನುಗಿದಂತೆ ಒಂದು ಗುಂಗು, ಅಷ್ಟೇ.

ಮುಂಬೈ ಬಳಿಯ ಕಲ್ಯಾಣ ಪಟ್ಟಣದ ಒಂದು ಸಭಾಂಗಣದ ಪರದೆಯ ಹಿಂದೆ ಜಯಲತಾ ರಾಜಕುಮಾರನ ವೇಷದಲ್ಲಿ ನಿಂತಿದ್ದಳು. ತಲೆಗೆ ಕೇದಗೆ ಮುಂದಲೆ, ಎದೆಗೆ ಎದೆಕಟ್ಟು, ತೋಳಿಗೆ ಮಿರಮಿರ ಮಿಂಚುವ ಆಭರಣ, ಕಾಲಿಗೆ ಗೆಜ್ಜೆ. ಇಷ್ಟನ್ನು ಕಟ್ಟಿಸಿಕೊಳ್ಳಲು ಮಧ್ಯಾಹ್ನವೆಲ್ಲ ಹಿಡಿದಿತ್ತು. ಈಗ ಬಗ್ಗುವಂತಿಲ್ಲ, ಕೂರುವಂತಿಲ್ಲ, ಮೂಗು ತುರಿಸಿದರೂ ತುರಿಸಿಕೊಳ್ಳುವಂತಿಲ್ಲ. ಐವತ್ತು ದಾಟಿದ ಮೇಲೆ ಅವಳ ಮೊದಲನೆಯ ವೇಷ. ಇಲ್ಲಿನ ಕನ್ನಡಿಗರ ಸಂಘದ ಯಕ್ಷಗಾನ ಆಟಗಳಲ್ಲಿ ಇಷ್ಟು ವರ್ಷ ಬಣ್ಣ ಹಚ್ಚುವ ಚೌಕಿಯೊಳಗೆ ಗಂಡಸರಿಗೆ ಚಾ ಕೊಟ್ಟು, ಪೌಡರು ಹಿಡಿದು, ಸೀರೆ ಮಡಚಿ ಕೊಟ್ಟವಳು ಅವಳು. ನನಗೂ ಒಂದು ವೇಷ ಕೊಡಿ ಎಂದಾಗಲೆಲ್ಲ ಸಂಘದವರು ಬಾಯ್ತುಂಬ ನಕ್ಕು, ‘ಬರುವ ವರ್ಷ ನೋಡುವ’ ಎನ್ನುತ್ತಿದ್ದರು.

ಮೇಳ ತಿರುಗಾಟಕ್ಕೆ ಹೊರಟ ಮೇಲೆ ಭಾಗವತರು ಈ ಕಡೆ ಬರಲಾರರು. ಅದಕ್ಕೇ ವಿಷ್ಣುಮೂರ್ತಿಗಳು ಮಳೆಗಾಲದಲ್ಲೇ ಉಡುಪಿಯ ಒಂದು ಸಣ್ಣ ಸ್ಟುಡಿಯೋದಲ್ಲಿ ಹಿಮ್ಮೇಳವನ್ನು ಕೂರಿಸಿ, ಅವಳ ಪಾತ್ರದ ಪದ್ಯಗಳನ್ನೆಲ್ಲ ಹಾಡಿ ಕಳಿಸಿದ್ದರು. ಡೊಂಬಿವಲಿಯ ಮನೆಯ ಅಡುಗೆಕೋಣೆಯಲ್ಲಿ ಫೋನನ್ನು ಅಕ್ಕಿಡಬ್ಬಕ್ಕೆ ಒರಗಿಸಿ, ಜೋರಾಗಿ ಹಾಕಿ, ಅವಳು ದಿನವೂ ಕುಣಿದಿದ್ದಳು. ಅದೇ ಫೋನು ಇವತ್ತು ಸಭಾಂಗಣದ ವಾಯರಿಗೆ ಸೇರಿದ ಕೂಡಲೇ ಭಾಗವತರನ್ನು ನುಂಗಿ ಕೂತಿತ್ತು.

“ರೆಕಾರ್ಡಿಂಗ್ ಮೇಂ ಹೀ ಲಫಡಾ ಹೈ, ಆಂಟಿ,” ಎಂದು ತಪ್ಪನ್ನು ರೆಕಾರ್ಡಿಂಗಿನ ಮೇಲೆ ಹಾಕಿದ, ಸೌಂಡ್ ಮಿಕ್ಸರಿನ ಪೆಟ್ಟಿಗೆಯ ಮುಂದೆ ಕೂತಿದ್ದ ರಂಜನ್.

ಜಯಲತಾ ವಾಯರು ಕಿತ್ತು, ಫೋನಿನಲ್ಲೇ ಹಾಕಿದಳು. ವಿಷ್ಣುಮೂರ್ತಿಗಳ ಸ್ವರ ಸಣ್ಣದಾಗಿ, ಆದರೆ ಒಂದು ಅಕ್ಷರವೂ ಬಿಡದೆ ಬಂತು.

“ಹಾಗಾದ್ರೆ ಇದು ಯಾರು? ನನ್ನ ಗಂಡನಾ?”

ಪಕ್ಕದಲ್ಲೇ ನಿಂತಿದ್ದ ಗಂಡ ವಸಂತಕುಮಾರ ನಕ್ಕ. ಕಲ್ಯಾಣ ಸ್ಟೇಷನ್ನಿನ ಬಳಿ ಅವನದೊಂದು ಹೋಟೆಲು. ಸಂಜೆಯ ಗಿರಾಕಿಗಳನ್ನು ಬಿಟ್ಟು ಬಂದಿದ್ದರಿಂದ ಅವನ ಮನಸ್ಸು ಅರ್ಧ ಗಲ್ಲಾದಲ್ಲೇ ಇತ್ತು. ರಂಜನ್ ಮೈಕನ್ನು ಫೋನಿನ ಬಾಯಿಗೆ ಹಿಡಿದು ನೋಡಿದ. ಸ್ಪೀಕರು ಕಿರ್ರೆಂದು ಕೂಗಿತು, ಚೆಂಡೆ ಖಾಲಿ ಡಬ್ಬವಾಯಿತು, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು.

ಸಂಘದ ಕಾರ್ಯದರ್ಶಿ ಸರ್ವೋತ್ತಮ ಕೈಗಡಿಯಾರ ನೋಡುತ್ತ ಬಂದ. “ಜಯಲತಕ್ಕ, ನಿಮ್ಮದು ಬರುವ ವರ್ಷಕ್ಕೆ ಇಡುವ. ಮಕ್ಕಳ ಡ್ಯಾನ್ಸಿನವರು ರೆಡಿ ಇದ್ದಾರೆ. ಹೊತ್ತಾದ್ರೆ ಸಭಾಂಗಣದವರು ಲೈಟ್ ಆಫ್ ಮಾಡ್ತಾರೆ.”

ಬಣ್ಣದ ಕೆಳಗೆ ಅವಳ ಮುಖ ಬಿಸಿಯಾಯಿತು. ಆದರೆ ಬಣ್ಣ ಅದನ್ನು ಯಾರಿಗೂ ತೋರಿಸಲಿಲ್ಲ.

“ಮಕ್ಕಳನ್ನು ಬಿಡಿ. ಅವರದ್ದು ಮುಗಿದ ಮೇಲೆ ನಾನು.”

“ಸ್ವರ ಇಲ್ಲದೆ ಹೇಗೆ ಮಾರಾಯ್ರೆ?”

“ಸ್ವರ ಸಮೇತ.”

ಡ್ಯಾನ್ಸ್ ಟೀಚರಿನ ಫೋನು ಅದೇ ವಾಯರಿಗೆ ಸೇರಿತು. ಹಾಡು, ಮಾತು, ಮುರಳಿ, ಎಲ್ಲ ಸರಿಯಾಗಿ ಬಂತು. ಅಂದರೆ ವಾಯರಿಗೆ ರೋಗವಿಲ್ಲ. ಆ ಫೋನನ್ನೇ ಆಮೇಲೆ ಕೇಳೋಣವೆಂದರೆ ಟೀಚರಿಗೆ ಥಾಣೆ ನಗರದಲ್ಲಿ ಇನ್ನೊಂದು ಕಾರ್ಯಕ್ರಮ. ಹಾಡು ಮುಗಿದದ್ದೇ ಫೋನೂ ಅವಳ ಜೊತೆ ರಿಕ್ಷಾ ಹತ್ತುವುದು. ಉಳಿದವರ ಫೋನುಗಳೆಲ್ಲ ಹೊಸವು. ಅವಕ್ಕೆ ವಾಯರು ಹಾಕುವ ತೂತೇ ಇಲ್ಲ. ಮಗಳು ನಿಕಿತಾಳದ್ದೂ ಅಷ್ಟೆ.

“ಪಪ್ಪಾ ಕಾ ಫೋನ್ ಹೈ ನಾ,” ಎಂದಳು ನಿಕಿತಾ. ರಬಾಳೆಯ ಆಫೀಸಿನಿಂದ ನೇರ ಬಂದಿದ್ದ ಅವಳು ಕನ್ನಡಕ್ಕೆ ಹಿಂದಿಯಲ್ಲೇ ಉತ್ತರ ಕೊಡುವ ಹುಡುಗಿ.

ಜಯಲತಾ ಪದ್ಯಗಳನ್ನು ಗಂಡನಿಗೂ ವಾಟ್ಸಾಪ್ ಮಾಡಿದ್ದಳು. ಅವನು ತೆರೆದೂ ನೋಡಿರಲಿಲ್ಲ. ಮಕ್ಕಳ ಡ್ಯಾನ್ಸು ನಡೆಯುತ್ತಿದ್ದುದರಿಂದ ರಂಜನ್ ತನ್ನ ಹೆಡ್‌ಫೋನು ಕೊಟ್ಟ. ಮುಂದಲೆಯ ಮೇಲೆ ಅದು ಕೂರುವಂತಿರಲಿಲ್ಲ. ನಿಕಿತಾ ಹಾಕಿಕೊಂಡಳು, ಕೇಳಿದಳು, ತಲೆಯಾಡಿಸಿದಳು.

“ಸೇಮ್. ಚೆಂಡೆ ಹೈ, ಭಾಗವತ್ ಗಾಯಬ್.”

“ರಂಜನ್ ಹೇಳಿದನಲ್ಲ, ರೆಕಾರ್ಡಿಂಗೇ ಸರಿ ಇಲ್ಲ,” ಎಂದ ವಸಂತಕುಮಾರ. “ಬಿಡು ಜಯಾ. ಒಂದು ಫೋಟೋ ತೆಗೆದು ಮನೆಗೆ ಹೋಗುವ. ವೇಷ ಚಂದ ಕಾಣ್ತದೆ.”

“ಫೋಟೋಕ್ಕೆ ನಿಲ್ಲಲಿಕ್ಕೆ ನಾನೆಂತ ನಿಮ್ಮ ಹೋಟ್ಲಿನ ಬೋರ್ಡಾ? ನಿಕ್ಕಿ, ಪಪ್ಪನ ಫೋನಿನಲ್ಲಿ ಬೇರೆ ಏನಾದ್ರೂ ಹಾಕು. ಯಾವುದಾದ್ರೂ ಸಿನಿಮಾದ್ದು.”

ನಿಕಿತಾ ಹಳೆಯದೊಂದು ಹಾಡು ಹಾಕಿದಳು. ಹಾಡುವವನ ಸ್ವರ ಅದರಲ್ಲೂ ಬಾರದೆ ಅವಳ ಹುಬ್ಬು ಮೇಲೇರಿತು.

“ಸಿರ್ಫ್ ಮ್ಯೂಸಿಕ್. ಗಾನೇವಾಲಾ ಇಧರ್ ಭೀ ನಹೀಂ ಹೈ.”

ಹಾಗಾದರೆ ರೆಕಾರ್ಡಿಂಗಿನ ತಪ್ಪಲ್ಲ. ವಾಯರಿನದ್ದಲ್ಲ. ಬೇರೆ ಬೇರೆ ಕಂಪನಿಯ ಎರಡು ಫೋನುಗಳು. ಕೊಂಡ ಅಂಗಡಿ ಬೇರೆ, ವಯಸ್ಸು ಬೇರೆ. ರೋಗ ಒಂದೇ. ಜಯಲತಾ ಎರಡನ್ನೂ ಅಂಗೈಯಲ್ಲಿ ಜೊತೆಯಾಗಿ ಹಿಡಿದಳು. ಒಂದೇ ಮನೆಯವು ಎಂಬುದನ್ನು ಬಿಟ್ಟರೆ ಅವಕ್ಕೆ ಸಂಬಂಧವೇ ಇರಲಿಲ್ಲ. ಅವಳು ಹೆಡ್‌ಫೋನಿನ ಪಿನ್ನನ್ನು ಮತ್ತೆ ಒತ್ತಿ ನೋಡಿದಳು. ಒಳಗೆ ಹೋಯಿತು, ನಿಂತಿತು. ಬುಡದಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗಿನ ಲೋಹ ಹೊರಗೇ ಉಳಿಯಿತು. ಇನ್ನೊಂದರಲ್ಲೂ ಹಾಗೆಯೇ.

“ಇದು ಪೂರ್ತಿ ಹೋಗೂದಿಲ್ಲ. ಒಳಗೆ ಎಂತದೋ ಉಂಟು.”

ರಂಜನ್ ಬಗ್ಗಿ ನೋಡಿದ. ತಳ ಮುಟ್ಟದಿದ್ದರೆ ಹೀಗೇ ಆಗುವುದು ಎಂದು ಬೆರಳು ಕುಣಿಸಿ ವಿವರಿಸಿದ. ಎಡಕ್ಕೂ ಬಲಕ್ಕೂ ಸಮನಾಗಿ ಹಂಚಿದ ಸ್ವರ ಒಂದನ್ನೊಂದು ಹೊಡೆದುಕೊಂಡು ಸತ್ತುಹೋಗುತ್ತದೆ. ಒಂದೊಂದು ಬದಿಗೆ ಕೂತ ಚೆಂಡೆ, ಮದ್ದಳೆ ಬದುಕಿಕೊಳ್ಳುತ್ತವೆ.

ನಿಕಿತಾ ತೂತಿನೊಳಗೆ ಟಾರ್ಚಿನ ಬೆಳಕು ಬಿಟ್ಟಳು. ಎದೆಕಟ್ಟು ಅಡ್ಡ ಬಂದು ಜಯಲತಾಳಿಗೆ ಫೋನನ್ನು ಕಣ್ಣಿನ ಹತ್ತಿರ ತರಲಾಗಲಿಲ್ಲ. ಮಗಳೇ ನೋಡಿ ಹೇಳಿದಳು: “ಕುಛ್ ಪೀಲಾ ಪೀಲಾ ಹೈ.”

ಹಳದಿ. ಜಯಲತಾಳ ಬಲಗೈಯ ಉಂಗುರಬೆರಳು ತಾನಾಗಿಯೇ ಮಡಚಿಕೊಂಡಿತು.

ಆಯುಧಪೂಜೆಯ ದಿನ ಹೋಟೆಲಿನ ಗ್ರೈಂಡರು, ಫ್ರಿಜ್ಜು, ಬಿಲ್ಲಿನ ಮಶಿನು, ಹೊರಗೆ ನಿಂತ ಸ್ಕೂಟರು, ಎಲ್ಲಕ್ಕೂ ಗಂಧ ಕುಂಕುಮ ಆಗಿತ್ತು. ಮನೆಯ ಫೋನುಗಳನ್ನು ಗಲ್ಲಾದ ಮೇಲೆ ಸಾಲಾಗಿ ನಿಲ್ಲಿಸಿದ್ದು ಅವಳೇ. ಗಾಜಿಗೆ ಹಚ್ಚಿದರೆ ಒರೆಸಿ ಹೋಗುತ್ತದೆಂದು ನೆತ್ತಿಗೆ ಹಚ್ಚಿದ್ದಳು. ನೆತ್ತಿಯ ನಡುವೆ ಒಂದು ತೂತಿತ್ತು. ಗಂಧ ನಿಲ್ಲಲು ಅದು ಒಳ್ಳೆಯ ಜಾಗವೆಂದು ಆಗ ಅನ್ನಿಸಿತ್ತು. ತನ್ನ ಫೋನಿಗಂತೂ ಎರಡೆರಡು ಸಲ, ಬೆರಳು ಒತ್ತಿ: ಇದರೊಳಗೆ ಭಾಗವತರಿದ್ದಾರೆ, ಪೂಜೆ ಚೆನ್ನಾಗಿ ಆಗಲಿ.

“ಗಂಧ,” ಎಂದಳು. “ನಾನೇ ಹಚ್ಚಿದ್ದು.”

ವಸಂತಕುಮಾರ ಹೊಟ್ಟೆ ಹಿಡಿದು ನಕ್ಕ. “ಭಾಗವತರ ಗಂಟಲಿಗೇ ಪೂಜೆ ಮಾಡಿದೆಯಲ್ಲ ಮಾರಾಯ್ತಿ!” ನಗುತ್ತಲೇ, ಗಂಧ ಕೆರೆಯಲೆಂದು ಅವಳ ಸೊಂಟಪಟ್ಟಿಯ ಸೇಫ್ಟಿಪಿನ್ನು ಕಳಚಲು ಹೋದ. ರಂಜನ್ ಅವನ ಕೈ ಹಿಡಿದ. “ಪಿನ್ ಮತ್ ಡಾಲೋ ಸೇಟ್, ಅಂದರ್ ಕಾ ಪತ್ತಾ ಟೂಟೇಗಾ.” ಒಳಗಿನ ತಗಡು ಮುರಿದೀತು, ಲೋಹ ಬೇಡ, ಕಡ್ಡಿ ಬೇಕು, ಸಪೂರದ್ದು, ಮೊದಲು ಫೋನು ಪೂರ್ತಿ ಬಂದ್ ಆಗಬೇಕು.

ವೇದಿಕೆಯ ಮೇಲೆ ಮಕ್ಕಳ ಎರಡನೆಯ ಹಾಡು ಶುರುವಾಗಿತ್ತು. ಜಯಲತಾ ಗೆಜ್ಜೆ ಗಲಗಲಿಸುತ್ತ ಹಿಂದಿನ ಬಾಗಿಲಿಗೆ ನಡೆದಳು. ಅಲ್ಲಿ ಸಭಾಂಗಣದ ಕಸ ಗುಡಿಸುವ, ಕಲಬುರಗಿ ಕಡೆಯ ಚಂದ್ರಬಾಯಿ ತೆಂಗಿನಕಡ್ಡಿಯ ಪೊರಕೆಯನ್ನು ಗೋಡೆಗಿಟ್ಟು ಎಲೆ ಅಡಿಕೆ ಜಗಿಯುತ್ತಿದ್ದಳು.

“ಅಕ್ಕ, ನಿಮ್ಮ ಪೊರಕೆಯಿಂದ ಒಂದು ಕಡ್ಡಿ ಕೊಡಿ.”

ಚಂದ್ರಬಾಯಿ ಅವಳನ್ನು ಮುಂದಲೆಯಿಂದ ಗೆಜ್ಜೆಯವರೆಗೆ ನೋಡಿದಳು. “ಯವ್ವಾ, ಇಷ್ಟ್ ದೊಡ್ಡ ರಾಜಾ ಆಗಿ ಕಸಬರಗಿ ಕಡ್ಡಿ ಕೇಳ್ತಿಯಲ್ಲ! ಎದುರಿನ ರಾಜಾಗ ಹೊಡಿಯಾಕೇನ?”

“ಹೌದು, ದೊಡ್ಡ ಯುದ್ಧ ಉಂಟು.”

“ತಗೋ, ಎರಡ್ ತಗೋ. ಗೆದ್ದ್ ಬಾ.”

ಬಣ್ಣದ ಪೆಟ್ಟಿಗೆಯ ಬ್ಲೇಡಿನಿಂದ ಜಯಲತಾ ಕಡ್ಡಿಯ ತುದಿ ಹೆರೆದಳು. ಫೋನನ್ನು ತಲೆಕೆಳಗಾಗಿ ಹಿಡಿದು, ನಿಕಿತಾಳ ಬೆಳಕಿನಲ್ಲಿ, ಅಂಚಿನಿಂದ ಮೆಲ್ಲಗೆ ಕೆರೆದಳು. ತೋಳಿನ ಆಭರಣ ಮೊಣಕೈಗೆ ಚುಚ್ಚುತ್ತಿತ್ತು. ಮೊದಲು ಬಂದದ್ದು ಪುಡಿ, ಆಮೇಲೆ ಹರಳು. ಒಂದು ಕಡ್ಡಿ ಮುರಿಯಿತು. ಇನ್ನೊಂದನ್ನು ಹೆರೆದಳು. ಬಣ್ಣ, ಬೆವರು, ಬಿಸಿ ಬಲ್ಬುಗಳ ವಾಸನೆಯ ನಡುವೆ ಶ್ರೀಗಂಧದ ಪರಿಮಳ ಎದ್ದಿತು. ಸರ್ವೋತ್ತಮ ಒಮ್ಮೆ ಇಣುಕಿ, “ಅಕ್ಕ, ಬರುವ ವರ್ಷ…” ಎಂದು ಬಾಯಿ ತೆರೆದ. ಅವಳು ಕಡ್ಡಿ ಎತ್ತಿದಳು. ಅವನು ಪರದೆ ಬಿಟ್ಟು ಹಿಂದೆ ಸರಿದ.

ಕೊನೆಯ ಚೂರು ಉದುರಿತು. ಫೋನು ಮತ್ತೆ ಬೆಳಗಿತು. ಪಿನ್ನು ಒತ್ತಿದಾಗ ಟಕ್ಕೆಂದಿತು. ಬೆಳ್ಳಗಿನದೇನೂ ಹೊರಗೆ ಉಳಿಯಲಿಲ್ಲ. ನಿಕಿತಾ ಹೆಡ್‌ಫೋನಿನೊಳಗೆ ಕಣ್ಣರಳಿಸಿದಳು. “ಆಯಾ! ಭಾಗವತ್ ಆಯಾ!” ಮರುಕ್ಷಣ: “ಗಯಾ.” ಇಷ್ಟು ಹೊತ್ತು ಒತ್ತಿ ಒತ್ತಿ ಒಳಗಿನ ಹಿಡಿತ ಸಡಿಲವಾಗಿತ್ತು. ಪಿನ್ನನ್ನು ಒಂದು ಬದಿಗೆ ಬೆರಳಿನಿಂದ ಅದುಮಿ ಹಿಡಿದರೆ ಸ್ವರ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ರಂಜನನ ಎರಡೂ ಕೈಗಳಿಗೆ ಪೆಟ್ಟಿಗೆಯ ಕೆಲಸವಿತ್ತು. ಗಂಡನ ಫೋನನ್ನು ಕೆರೆಯಲು ಹೊತ್ತಿರಲಿಲ್ಲ. ಹೊರಗೆ ಮಕ್ಕಳಿಗೆ ಚಪ್ಪಾಳೆ ಬೀಳುತ್ತಿತ್ತು.

“ನೀವು ಹಿಡೀರಿ,” ಎಂದಳು ಗಂಡನಿಗೆ.

“ನಾನಾ? ಆಟ ಮುಗಿಯುವವರೆಗಾ?”

“ನಾನು ಕುಣಿಯುವವರೆಗೆ.”

ಅವನು ಹಿಡಿದ. ವಾಯರು ಸೇರಿತು, ಪರದೆ ಸರಿಯಿತು, ವಿಷ್ಣುಮೂರ್ತಿಗಳ ಸ್ವರ ಸಭಾಂಗಣದ ಸೂರಿಗೆ ಬಡಿಯಿತು. ಅದರ ಬೆನ್ನಿಗೇ ಜಯಲತಾ ಬಿಲ್ಲು ಹಿಡಿದು ವೇದಿಕೆಗೆ ನುಗ್ಗಿದಳು.

ಮೊದಲ ಪದ್ಯ ಸರಿಹೋಯಿತು. ಎರಡನೆಯದರಲ್ಲಿ ಅವಳು ಗಿರ್ಕಿ ಹೊಡೆದಳು, ಸುತ್ತಿನ ಮೇಲೆ ಸುತ್ತು, ಆಭರಣಗಳು ಬೆಳಕನ್ನು ಗೋಡೆಗೆಲ್ಲ ಎರಚುವಂತೆ. ಬದಿಯ ಪರದೆಯ ಹಿಂದೆ ವಸಂತಕುಮಾರ ಫೋನನ್ನು ಮರೆತ. ಚಪ್ಪಾಳೆ ತಟ್ಟಲು ಅವನ ಎರಡೂ ಕೈ ಮೇಲೆದ್ದವು.

ಸ್ವರ ಹೋಯಿತು. ಚೆಂಡೆ ಉಳಿಯಿತು.

ಜಯಲತಾ ನಿಲ್ಲಲಿಲ್ಲ. ಚೆಂಡೆ ಇದ್ದಲ್ಲಿ ಕಾಲು ಇತ್ತು. ಪದ್ಯದ ಉಳಿದ ಸಾಲನ್ನು ತಾನೇ ಎತ್ತಿದಳು. ಒರಟು ಸ್ವರ, ಶ್ರುತಿಗೆ ಸಾಕಷ್ಟು ದೂರ, ಆದರೆ ಕೊನೆಯ ಸಾಲಿನವರೆಗೂ ಮುಟ್ಟುವಂಥದ್ದು. ಸುತ್ತಿನ ತಿರುವಿನಲ್ಲಿ ಬದಿಯ ಪರದೆಗೆ ಮುಖ ಮಾಡಿ, ಹುಬ್ಬುಗಂಟಿಕ್ಕಿ, ಕೈಯಲ್ಲಿದ್ದ ಬಿಲ್ಲನ್ನು ನೇರ ಗಂಡನತ್ತ ಎತ್ತಿದಳು. ಅವನ ಬೆರಳು ದಡಬಡಿಸಿ ಪಿನ್ನಿಗೆ ಮರಳಿತು.

ಭಾಗವತರ ಸ್ವರ ಸಾಲಿನ ನಡುವೆ ಎಲ್ಲೋ ಮತ್ತೆ ಬಂತು. ಅಷ್ಟರಲ್ಲಿ ಅವಳು ಮುಂದಿನ ಹೆಜ್ಜೆಯಲ್ಲಿದ್ದಳು.