ಮಜ್ಜಿಗೆಯ ಜೊತೆ ಗುಳಿಗೆ

ಸಾವಿಗೆ ನಾನು ಹೆದರುವವಳಲ್ಲ, ಬೀಳುವುದಕ್ಕೆ ಹೆದರುತ್ತೇನೆ. ಎದುರು ಮನೆಯ ಮಾರಕ್ಕ ಬಾಗಿಲಿಗೆ ನೀರು ಹಾಕುವಾಗ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ರಾಡು ಹಾಕಿದರು, ಆದರೂ ಅಂಥ ಗಟ್ಟಿಗಿತ್ತಿ ಮತ್ತೆ ತನ್ನ ಕಾಲ ಮೇಲೆ ನಿಲ್ಲಲಿಲ್ಲ. ಅಂದಿನಿಂದ ಬಚ್ಚಲಿಗೆ ಹೋಗುವಾಗಲೂ ನನ್ನ ಜೀವ ಬಾಯಿಗೆ ಬರುತ್ತದೆ.

ಅದರ ಮೇಲೆ ನನಗೆ ರಕ್ತ ಕಡಿಮೆ. ಕೂತವಳು ಎದ್ದರೆ ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ನಾವೀಗ ಇರುವ ಅಟ್ಟೂರಿನ ಡಾಕ್ಟರಮ್ಮ ಅತೀಯಾ ಮೊದಲೇ ಎಚ್ಚರಿಸಿದ್ದರು: "ಅಜ್ಜಿ, ನಿಮ್ಮ ಮೂಳೆನೂ ಸವೆದಿದೆ. ತಲೆ ಸುತ್ತಿ ಬಿದ್ರೆ ಮುರಿಯೋದು ಗ್ಯಾರಂಟಿ ಕಣ್ರೀ. ಮೊದ್ಲು ರಕ್ತ ಏರ್ಬೇಕು." ಐರನ್ ಗುಳಿಗೆ ಬರೆದುಕೊಟ್ಟರು.

ಆ ಗುಳಿಗೆ ಉಷ್ಣ ಎಂದು ನಮ್ಮ ಕಲಬುರಗಿ ಕಡೆ ಮಕ್ಕಳಿಗೂ ಗೊತ್ತು. ನನ್ನ ಯಜಮಾನರು ಶಿವಶರಣಪ್ಪ, ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ನನ್ನ ಕಾವಲಿಗೆ ನಿಂತವರು. ದಿನಾ ಬೆಳಿಗ್ಗೆ ತಾವೇ ಮಜ್ಜಿಗೆ ಕಡೆದು, ಜೀರಿಗೆ ಹಾಕಿ, ಗುಳಿಗೆಯ ಜೊತೆ ತಂದುಕೊಡುತ್ತಿದ್ದರು. ನಾನು ಕೊನೆಯ ಗುಟುಕು ನುಂಗುವವರೆಗೆ ಕದಲುತ್ತಿರಲಿಲ್ಲ.

ಮತ್ತೆ ಪರೀಕ್ಷೆ ಮಾಡಿಸಿದರೆ ರಕ್ತ ಒಂದು ಚೂರೂ ಏರಿರಲಿಲ್ಲ. ಡಾಕ್ಟರಮ್ಮನ ಮುಖ ಸಣ್ಣದಾಯಿತು.

"ಒಳಗೆ ಎಲ್ಲಾದ್ರೂ ರಕ್ತ ಸೋರ್ತಿದೆಯಾ ನೋಡ್ಬೇಕು" ಎಂದರು.

ಪಕ್ಕದಲ್ಲಿದ್ದ ಯಜಮಾನರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಮಾತ್ರೆ ಹೇಗೆ ತಗೋತಾರೆ?" ಎಂದು ಡಾಕ್ಟರಮ್ಮ ಅವರನ್ನು ಕೇಳಿದರು.

"ನಾನೇ ಕೊಡ್ತೀನ್ರಿ, ಒಂದಿನಾನೂ ತಪ್ಪಿಸಿಲ್ಲ. ಉಷ್ಣ ಆಗಬಾರದಂತ ಮಜ್ಜಿಗಿ ಕೂಡ."

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ತಾತ! ಹಾಲು, ಮಜ್ಜಿಗೆ, ಟೀ ಜೊತೆ ತಗೊಂಡ್ರೆ ಮೈಗೆ ಸರಿಯಾಗಿ ಹತ್ತಲ್ಲ. ನಿಂಬೆ ನೀರಲ್ಲಿ ಕೊಡಿ. ಒಳಗಿನ ಟೆಸ್ಟೂ ಮಾಡ್ಸೋಣ."

"ದೇವರು ವರ ಕೊಟ್ರೂ ಪೂಜಾರಿ ಕೊಡ ಅಂದಂಗಾತು" ಎಂದು ಆಟೋದಲ್ಲಿ ಅವರನ್ನು ಕಿಚಾಯಿಸಿದೆ. ಅವರು ನಗಲಿಲ್ಲ.

"ನನ್ನ ಕೈಯಾರೆ ನಿನ್ನ ಬೀಳಸ್ತಿದ್ನಲ್ಲ" ಎಂದರು.

ಮರುದಿನ ಬೆಳಿಗ್ಗೆ ನಿಂಬೆ ನೀರು ಹಿಡಿದು ಬಂದರು. ಅವರ ಅವಸರ ನೋಡಿ ಪಾಪ ಎನಿಸಿ, ಇಸಿದುಕೊಳ್ಳಲು ನಾನು ಮಂಚದಿಂದ ತಟ್ಟನೆ ಎದ್ದೆ. ಕಣ್ಣು ಕತ್ತಲಾಯಿತು. ಕೈಗೆ ಸಿಕ್ಕಿದ್ದು ಅವರ ಭುಜ. ಇಬ್ಬರೂ ಬಿದ್ದೆವು, ಅವರು ಕೆಳಗೆ, ನಾನು ಮೇಲೆ.

ಕಾಲು ಆಡಿಸಿದೆ, ಸೊಂಟ ಮುಟ್ಟಿಕೊಂಡೆ. ಏನೂ ಆಗಿರಲಿಲ್ಲ. ಬದುಕಿದೆನಪ್ಪಾ ಎಂದು ಪಕ್ಕಕ್ಕೆ ಹೊರಳಿದೆ.

"ಏಳ್ರೀ" ಎಂದೆ.

"ನಿನಗೇನೂ ಆಗಿಲ್ಲಲ್ಲ?" ಅವರ ಮುಖ ಬಿಳಿಚಿಕೊಂಡಿತ್ತು. "ನನ್ನ ಕಾಲು ಎತ್ತಲಿಕ್ಕ ಬರವಲ್ದು, ರತ್ನಾ."

ಅವರ ಬಲಗಾಲು ಹೊರಕ್ಕೆ ತಿರುಗಿ ಬಿದ್ದಿತ್ತು. ಎಪ್ಪತ್ತು ದಾಟಿದ ಆ ಮನುಷ್ಯನ ಮೂಳೆಯನ್ನು ನಾವು ಯಾರೂ ಪರೀಕ್ಷೆ ಮಾಡಿಸಿರಲಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಯಾರನ್ನಾದರೂ ಕರೆಯಬೇಕೆಂದರೆ ನಾನೇ ಏಳಬೇಕು. ಜನ್ಮದಲ್ಲಿ ನನಗೆ ಅಷ್ಟು ಭಯವಾಗಿರಲಿಲ್ಲ. ಗೋಡೆ ಹಿಡಿದು ಎದ್ದೆ.