ಹುಳಿಯಿಲ್ಲದ ಪುಂಡಿ

ಎಲೆ ಹುಳಿ ಇರಲಿಲ್ಲ.

ನಳಿನಿ ಇನ್ನೊಂದು ಎಲೆ ಕಿತ್ತು, ಕುರ್ತಾದ ಅಂಚಿಗೆ ಒರೆಸಿ ಬಾಯಿಗೆ ಹಾಕಿಕೊಂಡಳು. ಹಸಿ ಹುಲ್ಲಿನಂಥ ಕಹಿ, ಅದರ ಬೆನ್ನಿಗೇ ಮೂಗಿಗೆ ಅಡರುವ ಒಂದು ಘಾಟು. ಧಾರವಾಡದಲ್ಲಿ ಹುಟ್ಟಿ ಬೆಳೆದವಳಿಗೆ ಪುಂಡಿ ಸೊಪ್ಪಿನ ಹುಳಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಚೂರು ಅಗಿದರೆ ಹಲ್ಲು ಜುಮ್ಮೆನ್ನಬೇಕು. ಒಳಗೆ ಒಲೆಯ ಮೇಲೆ ತೊಗರಿಬೇಳೆ ಬೇಯುತ್ತಿತ್ತು, ಈ ಎಲೆಗಳಿಗಾಗಿಯೇ.

ಮರ್ಫಿ ಎಂಬ ಆ ಪರದೇಶದ ಊರಿನ ತನ್ನ ಪುಟ್ಟ ಹಿತ್ತಲಿನಲ್ಲಿ ನಿಂತು ಅವಳು ಐದೂ ಗಿಡಗಳನ್ನು ನೋಡಿದಳು. ಬೆರಳು ಚಾಚಿದಂಥ ಎಲೆ, ಗರಗಸದಂಥ ಅಂಚು. ಪುಂಡಿಯದೂ ಹೀಗೇ. ಆದರೆ ಇಂಥದೇ ಎಲೆಯ ಇನ್ನೊಂದು ಗಿಡವಿದೆ, ಅದರ ಚಿತ್ರವನ್ನು ಹುಡುಗರ ಟೀಶರ್ಟುಗಳ ಮೇಲೆ ಅವಳು ಎಷ್ಟೋ ಸಲ ನೋಡಿದ್ದಳು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು.

ಆರು ವಾರಗಳ ಹಿಂದೆ, ಮಾರ್ಚ್ ರಜೆಗೆ ಆಸ್ಟಿನ್‌ನ ಕಾಲೇಜಿನಿಂದ ಬಂದ ಮಗ ನಿಶ್ಚಲ್ ಆರು ಪ್ಲಾಸ್ಟಿಕ್ ಲೋಟಗಳಲ್ಲಿ ಬಾಡಿದ ಸಸಿಗಳನ್ನು ತಂದಿದ್ದ. "ಪುಂಡಿ, ಅಮ್ಮ. ಫ್ರೆಂಡ್‌ನ ಅಜ್ಜಿ ಬೀಜ ಕೊಟ್ರು. ಸಾಯ್ತಾ ಇವೆ. ಯು ಆರ್ ಗುಡ್ ಅಟ್ ದಿಸ್." ಅಕ್ಕರೆಯಿಂದ ಕನ್ನಡದಲ್ಲಿ ಮಾತಾಡಿಸಿದರೂ ಅರ್ಧ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗ ತಾನಾಗಿ ಪುಂಡಿ ಅಂದಿದ್ದನಲ್ಲ! ಅವಳು ಕರಗಿಹೋಗಿದ್ದಳು.

ಲೋಟ ಬೋರಲು ಹಾಕಿ, ಕಾಂಡವನ್ನು ಎರಡು ಬೆರಳಿನ ನಡುವೆ ಹಿಡಿದು, ತಳ ತಟ್ಟಿ ಸಸಿ ಹೊರತೆಗೆದರೆ ಬೇರುಗಳು ಲೋಟದ ಆಕಾರಕ್ಕೇ ಸುತ್ತಿಕೊಂಡು ಉಸಿರುಗಟ್ಟಿದ್ದವು. ಎಣ್ಣೆ ಹಚ್ಚಿದ ತಲೆಯ ಸಿಕ್ಕು ಬಿಡಿಸುವ ಹಾಗೆ ಒಂದೊಂದೇ ಎಳೆ ಬಿಡಿಸಿದ್ದಳು. ಇಲ್ಲಿಯ ಮಣ್ಣು ಊರಿನ ಎರೆಮಣ್ಣಿನ ಹಾಗೆಯೇ, ಮಳೆ ಬಂದರೆ ಅಂಟು, ಬಿಸಿಲಿಗೆ ಬಿರುಕು. ಎಳೆ ಬೇರು ಅದರಲ್ಲಿ ಇಳಿಯುವುದಿಲ್ಲವೆಂದು ದೊಡ್ಡ ಕುಂಡಗಳಲ್ಲಿ ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ, ಮಣ್ಣನ್ನು ಒತ್ತದೆ ಸಡಿಲ ಬಿಟ್ಟು ನೆಟ್ಟಳು. ನಾಲ್ಕು ದಿನ ಹಳೆಯ ಬೆಡ್‌ಶೀಟ್ ಕಟ್ಟಿ ನೆರಳು ಮಾಡಿದಳು. ಮೇಲ್ಮಣ್ಣು ಒಣಗುವ ತನಕ ಮತ್ತೆ ನೀರು ಕೊಡಲಿಲ್ಲ, ಬೇರು ತಾನೇ ನೀರು ಹುಡುಕಿಕೊಂಡು ಆಳಕ್ಕೆ ಹೋಗಲಿ ಎಂದು. ಚಿಗುರಿದ ಮೇಲೆ ಒಂದನ್ನು ಹತ್ತಿರದ ಪ್ರಾಸ್ಪರ್ ಊರಿನಲ್ಲಿರುವ ಗೆಳತಿ ಕೃಷ್ಣವೇಣಿಗೆ ಪ್ರೀತಿಯಿಂದ ಕೊಟ್ಟುಬಂದಳು.

ಕೃಷ್ಣವೇಣಿಯ ಗಂಡ ಡಾಕ್ಟರು. ಅವರ ಹಿತ್ತಲಿನಲ್ಲಿ ಇದು!

ನಳಿನಿ ಮಗನಿಗೆ ವಿಡಿಯೊ ಕಾಲ್ ಮಾಡಿ ಫೋನನ್ನು ಗಿಡದ ಮುಂದೆ ಹಿಡಿದಳು. "ಖರೇ ಹೇಳು. ಇದು ಏನು?"

ಅವನು ಕಣ್ಣು ತಪ್ಪಿಸಿದ. "ವೀಡ್. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಇನ್‌ಸ್ಪೆಕ್ಷನ್ ಇತ್ತು, ಅದಕ್ಕೇ... ಇಟ್ಸ್ ಜಸ್ಟ್ ಎ ಪ್ಲಾಂಟ್, ಅಮ್ಮ. ಚಿಲ್."

"ಗಾಂಜಾ ಗಿಡಕ್ಕ ಚಿಲ್ ಅಂತಿ?" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ನಿಮ್ಮಪ್ಪ ಹನ್ನೊಂದು ವರ್ಷ ಗ್ರೀನ್ ಕಾರ್ಡಿಗೆ ಕಾದಾರ. ಮುಂದಿನ ತಿಂಗಳು ಇಂಟರ್‌ವ್ಯೂ ಅದ. ಆ ಅರ್ಜಿಯೊಳಗ ನಿನ್ನ ಹೆಸರೂ ಅದ. ಪೊಲೀಸರು ಒಮ್ಮೆ ಈ ಹಿತ್ತಲಕ್ಕ ಬಂದ್ರ ಮೂರೂ ಮಂದಿ ಗಂಟು ಮೂಟಿ ಕಟ್ಟಬೇಕು. ಎಲ್ಲಾ ಒಯ್ದು ಈ ಕುಂಡದಾಗ ಹಾಕಿದಿ. ಅದೂ ನನ್ನ ಕೈಲೆ ನೆಡಿಸಿದಿ! ಈಗಿಂದೀಗ ಹೊರಡು."

ಅವನು ಬಂದು ಮುಟ್ಟುವ ಮೂರೂವರೆ ಗಂಟೆಯಲ್ಲಿ ಅವಳು ಐದೂ ಗಿಡ ಕಿತ್ತಳು. ಕೀಳುವಾಗ ಕುಂಡವೇ ಜೊತೆಗೆ ಎದ್ದು ಬರುತ್ತಿತ್ತು, ಅಷ್ಟು ಗಟ್ಟಿಯಾಗಿ ಬೇರೂರಿದ್ದವು. ತನ್ನ ಕೈಗಳ ಮೇಲೇ ಸಿಟ್ಟು ಬಂತು. ಕತ್ತರಿಯಿಂದ ಸಣ್ಣಗೆ ಕತ್ತರಿಸಿ, ಕಸ ಅರೆಯುವ ಸಿಂಕಿನ ಗ್ರೈಂಡರಿಗೆ ಹಾಕಿ, ಹಸಿರು ನೀರು ತಿಳಿಯಾಗುವವರೆಗೆ ನಲ್ಲಿ ಬಿಟ್ಟಳು. ಒಲೆಯ ಮೇಲಿನ ಬೇಳೆ ಸೀದುಹೋಗಿತ್ತು.

ಆರನೆಯ ಗಿಡ ಕೃಷ್ಣವೇಣಿಯ ಮನೆಯಲ್ಲಿದೆ ಎಂದು ಕೇಳಿ, ಬಾಗಿಲಲ್ಲಿ ನಿಂತ ನಿಶ್ಚಲ್ ಅಲ್ಲಿಂದಲೇ ಉಪಾಯ ಹೇಳಿದ. "ಆಂಟಿಗೆ ಗಿಡಕ್ಕೆ ಹುಳ ಬಿದ್ದಿದೆ ಅಂತ ಹೇಳಿ ತಂದ್ಬಿಡೋಣ. ನೋ ಒನ್ ವಿಲ್ ನೋ."

"ತಂದು? ಕಾರಿನಾಗ ಇಟ್ಕೊಂಡು ಹೈವೇ ಮ್ಯಾಲೆ ಮೆರವಣಿಗಿ ಮಾಡೋಣೇನು? ಒಂದು ಸುಳ್ಳಿಗೆ ನನ್ನ ಕೈ ಬಳಸಿದಿ. ಇನ್ನೊಂದಕ್ಕ ನಾಲಿಗಿ ಕೊಡಂಗಿಲ್ಲ. ನಡಿ, ನೀನ ಹೇಳು. ಕನ್ನಡದಾಗ ಹೇಳು."

ಪ್ರಾಸ್ಪರ್‌ವರೆಗೆ ನಳಿನಿಯೇ ಕಾರು ಓಡಿಸಿದಳು.

ಕೃಷ್ಣವೇಣಿ ನಗುತ್ತ ಬಾಗಿಲು ತೆಗೆದಳು. "ಬನ್ನಿ ಬನ್ನಿ. ನಿಮ್ಮ ಪುಂಡಿ ನೋಡಿ, ನನ್ನ ಸೊಂಟದವರೆಗೂ ಬಂದಿದೆ!" ಗಿಡವನ್ನು ಅವಳು ತುಳಸಿಯ ಪಕ್ಕದಲ್ಲೇ ಇಟ್ಟಿದ್ದಳು.

ನಿಶ್ಚಲ್ ನೆಲ ನೋಡುತ್ತ ಹೇಳಿದ. ಇಂಗ್ಲಿಷ್ ಬೆರೆಸದೆ ಹೇಳಲು ಒಂದೊಂದು ಪದಕ್ಕೂ ತಡಕಾಡಿದ. ನಳಿನಿ ಸಹಾಯಕ್ಕೆ ಹೋಗಲಿಲ್ಲ. ಕೃಷ್ಣವೇಣಿಯ ಮುಖದಿಂದ ನಗು ಮೆಲ್ಲಗೆ ಇಳಿಯಿತು. ಅವಳು ತಿರುಗಿದ್ದು ಹುಡುಗನ ಕಡೆಗಲ್ಲ.

"ನಿಮಗೆ ಗೊತ್ತಿರ್ಲಿಲ್ವಾ, ನಳಿನಿ? ಪುಂಡಿ ಯಾವ್ದು, ಅಲ್ದೇ ಇರೋದು ಯಾವ್ದು ಅಂತ ನಿಮಗೇ ಗೊತ್ತಾಗ್ಲಿಲ್ವಾ?"

"ಅಮ್ಮಂಗೆ ಗೊತ್ತಿರ್ಲಿಲ್ಲ, ಆಂಟಿ," ಎಂದ ನಿಶ್ಚಲ್. "ನಾನು ಸುಳ್ಳು ಹೇಳ್ದೆ. ಪುಂಡಿ ಅಂದ್ರೆ ಅಮ್ಮ ಏನೂ ಕೇಳಲ್ಲ ಅಂತ ನಂಗೆ ಗೊತ್ತಿತ್ತು."

ಆ ಮಾತು ನಳಿನಿಗೆ ಗಿಡದ ಬೇರಿಗಿಂತ ಆಳಕ್ಕೆ ಹೋಗಿ ಚುಚ್ಚಿತು.

"ಇವರು ಆಸ್ಪತ್ರೆಯಿಂದ ಬರೋದ್ರೊಳಗೆ ಅದನ್ನ ಇಲ್ಲೇ ಮುಗಿಸಿ ಹೋಗಿ," ಎಂದಳು ಕೃಷ್ಣವೇಣಿ. "ಇನ್ನು ಭಾನುವಾರ ನಿಮ್ಮನೇಲಿ ಊಟ ಅಂದಿದ್ವಲ್ಲ... ಬೇಡ ಬಿಡಿ."

ಗಿಡ ಸಿಂಕಿನಲ್ಲಿ ಅರೆದುಹೋಯಿತು. ಬಾಗಿಲು ಮುಚ್ಚಿತು. ಕಾರಿನಲ್ಲಿ ನಿಶ್ಚಲ್ ಕಣ್ಣೊರೆಸಿಕೊಂಡ. ಅವನ ತಲೆಯ ಮೇಲೆ ಇಡಲೆಂದು ಎದ್ದ ಕೈಯನ್ನು ನಳಿನಿ ಹಿಂದಕ್ಕೆಳೆದು ಸೀಟ್ ಬೆಲ್ಟ್ ಹಾಕಿಕೊಂಡಳು.

"ಬೈದ್ಬಿಡು, ಅಮ್ಮ. ಪ್ಲೀಸ್."

"ಬೈತೀನಿ. ಒಂದು ದಿನಕ್ಕ ಮುಗಿಯಂಗಿಲ್ಲ ಅದು." ಅವಳು ಫೋನ್ ತೆಗೆದು, ಆಫೀಸ್ ಕೆಲಸಕ್ಕೆ ಹ್ಯೂಸ್ಟನ್‌ಗೆ ಹೋಗಿದ್ದ ಗಂಡ ಬದರಿನಾಥನ ನಂಬರ್ ಒತ್ತಿ, ಅದನ್ನು ಮಗನ ಕೈಗಿಟ್ಟಳು. "ಮೊದಲ ನಿಮ್ಮಪ್ಪಗ ಹೇಳು."